ಜೋಡಿ ಚಿಕ್ಕಮ್ಮ ಮತ್ತು ಅತ್ತೆಯ ಸೊಟ್ಟ ಹಲ್ಲು

ಓಣಿಯವರು ಅವಳನ್ನು ಕುರಿತು ಆಡುತ್ತಿದ್ದ ಮಾತು ಇಷ್ಟೇ: "ಆ ಮನೇಲಿ ಎಲ್ಲಾ ಎರಡೆರಡು ಕಣ್ರೀ. ಗಂಡ ಮಾತ್ರ ಒಬ್ಬನೇ. ಇನ್ನೊಬ್ಬನ್ನೂ ಎಲ್ಲೋ ಎತ್ತಿಟ್ಟಿರ್ತಾಳೆ, ನಮಗೆ ಹೇಳಲ್ಲ ಅಷ್ಟೆ."

ಸುಳ್ಳೇನಲ್ಲ. ಅವಳ ಮನೆಯಲ್ಲಿ ಛತ್ರಿ ಎರಡು, ಟಾರ್ಚು ಎರಡು, ಇಸ್ತ್ರಿಪೆಟ್ಟಿಗೆ ಎರಡು. ಬಾಗಿಲಿಗೆ ಕೀಲಿಕೈ ಎರಡು. ಒಂದು ಅವಳ ಚೀಲದಲ್ಲಿ, ಇನ್ನೊಂದು ಕೆಳಗಿನ ಮನೆಯ ದರ್ಜಿಯಮ್ಮನ ಹತ್ತಿರ. ದರ್ಜಿಯಮ್ಮ ಮನೆಯಲ್ಲಿ ಇರುತ್ತಿದ್ದುದೇ ಅಪರೂಪ, ಅದು ಬೇರೆ ಮಾತು. ಮನೆಯವರೆಲ್ಲ ಒಟ್ಟಿಗೆ ಹೊರಟ ದಿನ ಇವಳು ಬೀಗ ಹಾಕಿ, ಮೆಟ್ಟಿಲೆಲ್ಲ ಇಳಿದು, ಬೀದಿ ಮುಟ್ಟಿ, ಮತ್ತೆ ಹತ್ತಿ ಹೋಗಿ ಬೀಗವನ್ನು ಜಗ್ಗಿ ನೋಡಿ ಬರುತ್ತಿದ್ದಳು. ಹೀಗಾಗಿ ಓಣಿಗೆಲ್ಲ ಅವಳು ಜೋಡಿ ಚಿಕ್ಕಮ್ಮ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೂ ಆಗೀಗ ಮರೆತುಹೋಗುತ್ತಿತ್ತೋ ಏನೋ. ಅದನ್ನೂ ಎಲ್ಲಾದರೂ ನಕಲು ಮಾಡಿ ಇಟ್ಟಿದ್ದಳೆಂದು ನಂಬೋಣ.

ಚಿಕ್ಕಪ್ಪ ಈಜುಕೊಳದ ಕಾವಲುಗಾರ. ಯಾರಾದರೂ ಮುಳುಗಿದರೆ ಹಾರಿ ಎತ್ತುವುದು ಅವನ ಕೆಲಸ. ಅವನು ಕೆಲಸಕ್ಕೆ ಸೇರಿದ ಮೇಲೆ ಆ ಕೊಳದಲ್ಲಿ ಯಾರೊಬ್ಬರೂ ಮುಳುಗುವ ಸೌಜನ್ಯ ತೋರಿಸಿರಲಿಲ್ಲ. ಎತ್ತರದ ಕುರ್ಚಿಯ ಮೇಲೆ ಕೊರಳಿಗೆ ಸೀಟಿ ತೂಗಿಹಾಕಿಕೊಂಡು ಕೂತು ಕೂತು, ಮಾತು ಕಡಿಮೆಯಾಗಿ, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಇನ್ನೊಬ್ಬ ಗಂಡನ ಮಾತು ಅವನ ಕಿವಿಗೂ ಬಿತ್ತು. "ಇದ್ರೆ ಒಳ್ಳೇದೇ. ಅಮ್ಮನ ಜೊತೆ ಅವನು ಮಾತಾಡ್ಲಿ," ಎಂದನಂತೆ.

ಅಮ್ಮ ಎಂದರೆ ಚಿಕ್ಕಮ್ಮನ ಅತ್ತೆ. ಆ ಮನೆಯಲ್ಲಿ ಮಾತಿನ ಪೂರೈಕೆಯೆಲ್ಲ ಅವರದೇ. ಅವರ ಮೇಲಿನ ಸಾಲಿನ ಒಂದು ಹಲ್ಲು ಸೊಟ್ಟಗೆ ತಿರುಗಿ ಪಕ್ಕದ ಹಲ್ಲಿನ ಮೇಲೆ ಕಾಲು ಹಾಕಿ ಕೂತಿತ್ತು. ಅದರ ಮಗ್ಗುಲಲ್ಲಿ ಒಂದು ಸಂದಿ. ಆ ಸಂದಿಯಿಂದ 'ಸ' ಅಕ್ಷರ ಬರುವಾಗಲೆಲ್ಲ ಸಣ್ಣದೊಂದು ಸಿಳ್ಳೆ ಕೂಡಿ ಬರುತ್ತಿತ್ತು. ಅತ್ತೆ "ಸೊಸೆ" ಎಂದರೆ ಎರಡು ಸಿಳ್ಳೆ. ಚಿಕ್ಕಮ್ಮ ಮೂರನೆಯ ಕೋಣೆಯಲ್ಲಿದ್ದರೂ ತನ್ನನ್ನೇ ಅಂದದ್ದು ಎಂದು ಗೊತ್ತಾಗುತ್ತಿತ್ತು.

ಇನ್ನು ಚಿಕ್ಕಮ್ಮನ ಕೆಲಸ. ಅಂಚು ಒಡೆದ ಟೈಲ್ಸುಗಳನ್ನು ಅಗ್ಗದಲ್ಲಿ ಮಾರುವ ಅಂಗಡಿಯ ಮೇಲೆ ಒಂದು ಹಲ್ಲಿನ ಕಾರ್ಖಾನೆ ಇತ್ತು. ಆಸ್ಪತ್ರೆಯಲ್ಲ. ಊರಿನ ಹಲ್ಲು ಡಾಕ್ಟರುಗಳು ತಮ್ಮ ರೋಗಿಗಳ ದವಡೆಯ ಅಚ್ಚನ್ನೋ ಸ್ಕ್ಯಾನನ್ನೋ ಇಲ್ಲಿಗೆ ಕಳಿಸುತ್ತಿದ್ದರು, ಇಲ್ಲಿಂದ ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತಿದ್ದರು. ಒಳಗೆ ಕಾಲಿಟ್ಟರೆ ಮೂಗಿಗೆ ಪ್ಲಾಸ್ಟರಿನ ಧೂಳು. ಹಲಗೆಗಳ ಮೇಲೆ ಸಾಲು ಸಾಲು ದವಡೆಗಳು, ಯಾರೂ ಜೋಕು ಹೇಳದಿದ್ದರೂ ನಗುತ್ತ ಕೂತಿರುತ್ತಿದ್ದವು. ಹಿಂದೆ ಅಡುಗೆಮನೆಯಾಗಿದ್ದ ಮೂಲೆಯ ಕೋಣೆಯಲ್ಲಿ ಸರ್ವರ್. ಪಾತ್ರೆ ತೊಳೆಯುವ ತೊಟ್ಟಿ ಇನ್ನೂ ಅಲ್ಲೇ ಇತ್ತು. ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು. ಊರಿನ ಅರ್ಧ ಜನರ ಹಲ್ಲು ಆ ಕೋಣೆಯಲ್ಲಿ ಇದ್ದವು. ಅದರ ಯಜಮಾನತಿ ನಮ್ಮ ಚಿಕ್ಕಮ್ಮ.

ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಆ ಯಂತ್ರವನ್ನು ಅವಳೇ ಕೂಡಿಸಿದ್ದಳು. ಮೊದಲನೆಯ ಡಿಸ್ಕನ್ನು ಎರಡು ಪಾಲು ಮಾಡಿದ್ದಳು. ಚಿಕ್ಕ ಪಾಲು ಯಂತ್ರದ ಸ್ವಂತ ಸಂಸಾರಕ್ಕೆ, ದೊಡ್ಡ ಪಾಲು ಊರಿನ ಹಲ್ಲುಗಳಿಗೆ. ನಕಲಿಗೆಂದು ಎರಡನೆಯ ಡಿಸ್ಕು. ಲಿನಕ್ಸಿನಲ್ಲಿ ಹೊಸ ಡಿಸ್ಕಿಗೆ ಬೇರೆ ಬಾಗಿಲಿರುವುದಿಲ್ಲ. ಹಳೆಯ ಡಿಸ್ಕಿನೊಳಗೆ ಒಂದು ಖಾಲಿ ಫೋಲ್ಡರ್ ಮಾಡಿ ಅದಕ್ಕೆ ಹೊಸದನ್ನು ಜೋಡಿಸಬೇಕು. ಜೋಡಿಸಿದ ಮೇಲೆ ಆ ಫೋಲ್ಡರಿಗೆ ಹಾಕಿದ್ದೆಲ್ಲ ಹೊಸ ಡಿಸ್ಕಿಗೆ ಹೋಗಿ ಬೀಳುತ್ತದೆ. ಚಿಕ್ಕಮ್ಮ ದೊಡ್ಡ ಪಾಲಿನಲ್ಲಿ ಅಂಥದೊಂದು ಫೋಲ್ಡರ್ ಮಾಡಿ, ದಿನವೂ ಹಲ್ಲುಗಳೆಲ್ಲ ತಾವಾಗಿಯೇ ಅಲ್ಲಿಗೆ ನಕಲಾಗುವಂತೆ ವ್ಯವಸ್ಥೆ ಮಾಡಿದ್ದಳು. ಮೂಲದಲ್ಲಿ ಅಳಿಸಿಹೋದದ್ದು ನಕಲಿನಲ್ಲಿ ಅಳಿಯಬಾರದು ಎಂದೂ ಕಟ್ಟಪ್ಪಣೆ. ಏನನ್ನೂ ಎಸೆಯುವ ಜಾಯಮಾನದವಳಲ್ಲವಲ್ಲ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವಳ ಫೋನಿಗೆ ಯಂತ್ರದಿಂದ ಸಂದೇಶ ಬರುತ್ತಿತ್ತು: ಬ್ಯಾಕಪ್ ಯಶಸ್ವಿ. ಅದನ್ನವಳು ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದಳು. ಮಗ ಪರೀಕ್ಷೆಯಲ್ಲಿ ಪಾಸಾದ ಸುದ್ದಿಯನ್ನು ಕೆಲವರು ಹಾಗೆ ಓದುತ್ತಾರೆ.

"ಯಶಸ್ವಿಯಂತೆ," ಅತ್ತೆ ಸಿಳ್ಳೆ ಹೊಡೆಯುತ್ತಿದ್ದರು. "ಯಾರು ನೋಡಿದ್ರು?"

"ಯಂತ್ರವೇ ಹೇಳುತ್ತೆ ಅತ್ತೆ."

"ನಿನ್ನ ಗಂಡನೂ ಹೇಳ್ತಾನೆ, ಕೊಳಕ್ಕೆ ಯಾರು ಬಿದ್ರೂ ಎತ್ತೇ ಎತ್ತುತೀನಿ ಅಂತ. ಒಂದ್ಸಲ ಆದ್ರೂ ಎತ್ತಿ ತೋರಿಸಿದ್ನಾ? ಎತ್ತಿಟ್ಟಿದ್ದನ್ನ ಯಾವತ್ತಾದ್ರೂ ತೆಗೆದು ನೋಡಿದ್ಯೇನೇ?"

"ತೆಗೆಯೋ ಪ್ರಸಂಗ ಬಂದಿಲ್ಲ."

"ಬರಲಿ, ನೋಡೋಣ."

ಚಿಕ್ಕಮ್ಮ ಮೂಗು ಮುರಿದು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಕಾರ್ಖಾನೆಯಲ್ಲಿ ಅವಳನ್ನು ಹೀಗೆ ಕೇಳುವ ಗಂಡಸು ಇರಲಿಲ್ಲ. ಮಾಲೀಕನಿಗೆ ಸರ್ವರ್ ಎಂದರೆ ಹಸಿರು ದೀಪ. ಅದು ಮಿನುಗುತ್ತಿದ್ದರೆ ವ್ಯಾಪಾರ ನಡೆಯುತ್ತಿದೆ ಎಂದು ಅರ್ಥ. ಅಚ್ಚು ತೆಗೆಯುವ ಮೇಸ್ತ್ರಿ, ಮೀಸೆಗೆಲ್ಲ ಪ್ಲಾಸ್ಟರ್ ಮೆತ್ತಿಕೊಂಡ ದಪ್ಪ ಆಸಾಮಿ, ಅವಳು ನಕಲಿನ ಮಹಿಮೆ ಕುರಿತು ಬಾಯಿ ತೆರೆದರೆ ಸಾಕು, ಉರಿಯದ ಒಲೆ ನೋಡಲು ಓಡುತ್ತಿದ್ದ.

ಒಂದು ಸಲ ಆ ಯಂತ್ರ ಹೊಸ ತಂತ್ರಾಂಶ ತರಿಸಿಕೊಳ್ಳುವುದನ್ನು ನಿಲ್ಲಿಸಿತು. ಲಿನಕ್ಸ್ ಯಂತ್ರಗಳು ತಮಗೆ ಬೇಕಾದ್ದನ್ನು ದೂರದ ಒಂದು ಉಗ್ರಾಣದಿಂದ ತರಿಸಿಕೊಳ್ಳುತ್ತವೆ. ರೆಪಾಸಿಟರಿ ಎಂದು ಅದಕ್ಕೆ ಹೆಸರು. ಇವಳ ಯಂತ್ರಕ್ಕೆ ವಯಸ್ಸಾಗಿತ್ತು. ಅದರ ಕಾಲದ ಉಗ್ರಾಣಕ್ಕೆ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಯಂತ್ರ ದಿನಾ ಹೋಗಿ ಆ ಮುಚ್ಚಿದ ಬಾಗಿಲು ಬಡಿದು, ಸಿಕ್ಕಲಿಲ್ಲ ಸಿಕ್ಕಲಿಲ್ಲ ಎಂದು ಅಳುತ್ತಿತ್ತು. ಚಿಕ್ಕಮ್ಮ ಹೊಸ ಉಗ್ರಾಣದ ವಿಳಾಸ ಬರೆದುಕೊಟ್ಟಳು. ಯಂತ್ರ ಹಸಿದವರ ಹಾಗೆ ಬಾಚಿ ಬಾಚಿ ತಂದು ತುಂಬಿಕೊಂಡಿತು. ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿದಳು. ಹಸಿರು ದೀಪ ಮಿನುಗಿತು. ಮಾಲೀಕ "ಶಭಾಷ್" ಎಂದ. ಮಾರನೆಯ ಬೆಳಿಗ್ಗೆ ಫೋನಿಗೆ ಸಂದೇಶ ಬಂತು: ಬ್ಯಾಕಪ್ ಯಶಸ್ವಿ.

ಎರಡನೆಯ ಡಿಸ್ಕು ತನ್ನ ಜಾಗಕ್ಕೆ ಜೋಡಿಕೊಂಡಿದೆಯೇ ಎಂದು ಅವಳು ನೋಡಲಿಲ್ಲ. ಮನೆಯ ಬೀಗವನ್ನು ಎರಡು ಸಲ ಜಗ್ಗುವ ಹೆಂಗಸು, ಇದನ್ನು ಒಂದು ಸಲವೂ ಜಗ್ಗಲಿಲ್ಲ. ಯಶಸ್ವಿ ಎಂದು ಬರೆದುಬಂದ ಮೇಲೆ ಜಗ್ಗುವವರು ಯಾರು?

ಇದಾಗಿ ಕೆಲವು ಕಾಲಕ್ಕೆ ಅತ್ತೆಯ ಹಲ್ಲುಗಳು ಒಂದೊಂದಾಗಿ ಅಲ್ಲಾಡತೊಡಗಿದವು. ಎಲ್ಲವನ್ನೂ ಕೀಳಬೇಕು ಎಂದರು ಡಾಕ್ಟರು. ಅತ್ತೆ ಒಪ್ಪಲು ಒಂದೇ ಷರತ್ತು: "ಹೊಸದು ಮಾಡೋದಾದ್ರೆ ಇದೇ ಹಲ್ಲು ಮಾಡ್ಬೇಕು. ಸೊಟ್ಟದ್ದು ಸೊಟ್ಟಗೇ, ಸಂದಿ ಸಂದಿಯಾಗೇ. ಯಾರದೋ ಬಾಯಿ ಇಟ್ಕೊಂಡು ನಾನ್ಯಾಕೆ ಓಡಾಡ್ಲಿ?"

ಅಂತೂ ಕೀಳುವ ಮೊದಲು ಡಾಕ್ಟರು ದವಡೆಯನ್ನೆಲ್ಲ ಸ್ಕ್ಯಾನ್ ಮಾಡಿ ಕಾರ್ಖಾನೆಗೆ ಕಳಿಸಿದರು. ಚಿಕ್ಕಮ್ಮ ಖುದ್ದು ಆ ಫೈಲನ್ನು ಸರ್ವರಿನಲ್ಲಿ ಇಟ್ಟಳು. ಮೇಸ್ತ್ರಿ ಮೂಲದಂತೆಯೇ ಸೆಟ್ಟು ಕಡೆದ. ಸೊಟ್ಟ ಹಲ್ಲು ಮೊದಲಿನಂತೆ ಕಾಲು ಹಾಕಿ ಕೂತಿತು, ಸಂದಿಯಿಂದ ಮೊದಲಿನಂತೆ ಸಿಳ್ಳೆ ಬಂತು. ಚಿಕ್ಕಮ್ಮನಿಗೆ ಕೈ ಕಡಿಯಿತು.

"ಇನ್ನೊಂದು ಸೆಟ್ಟು ಮಾಡಿಸಿ ಇಡ್ತೀನಿ ಅತ್ತೆ."

"ಯಾಕೆ? ನನಗಿರೋದು ಒಂದೇ ಬಾಯಿ."

ಆ ಮನೆಯಲ್ಲಿ ಗಂಡನನ್ನು ಬಿಟ್ಟರೆ ಒಂದೇ ಒಂದಾಗಿ ಉಳಿದ ವಸ್ತು ಅದು.

ಹೋದದ್ದು ಹೇಗೆ ಅಂದರೆ, ತೀರಾ ಸರಳವಾಗಿ ಹೋಯಿತು. ಊಟವಾದ ಮೇಲೆ ಅತ್ತೆ ಸೆಟ್ಟನ್ನು ತೆಗೆದು ಕಾಗದದ ಕರವಸ್ತ್ರದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಡುತ್ತಿದ್ದರು. ಅಂದು ಅವರು ಟಿವಿಯ ಕಡೆ ತಿರುಗಿದ್ದರು. ಚಿಕ್ಕಮ್ಮ ಮೇಜು ಒರೆಸುತ್ತ ಬಂದು, ತಟ್ಟೆಯ ಎಂಜಲಿನ ಜೊತೆ ಕಾಗದವನ್ನೂ ಗುಡ್ಡೆ ಮಾಡಿ ಕಸದ ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಎರಡು ಗಂಟು ಹಾಕಿ ಕೆಳಗಿಟ್ಟು ಬಂದಳು. ನೆನಪಾಗಿ ಓಡುವಷ್ಟರಲ್ಲಿ ಕಸದ ಗಾಡಿ ತಿರುವು ದಾಟಿತ್ತು. ಬದುಕಿನಲ್ಲಿ ಏನನ್ನೂ ಎಸೆಯದ ಹೆಂಗಸು ಎಸೆದದ್ದು ಒಂದೇ ಒಂದು ಸಲ. ಅದೂ ನಕಲಿಲ್ಲದ್ದನ್ನೇ ಹುಡುಕಿ ಎಸೆದಳು.

ಹಳೆಯ ಫೈಲಿನ ಮಾತು ಬರುವ ಮೊದಲೇ ಡಾಕ್ಟರು ಮತ್ತೆ ಅಳತೆ ತೆಗೆದು ಬೇರೊಂದು ಸೆಟ್ಟು ಹಾಕಿಸಿದರು. ಬಿಳಿ ಬಿಳಿ, ನೆಟ್ಟ ನೆಟ್ಟ, ಹಗ್ಗ ಹಿಡಿದು ನಿಲ್ಲಿಸಿದ ಹಾಗೆ ಸಾಲು. ಅತ್ತೆ ಕನ್ನಡಿ ನೋಡಿದರು. ಕನ್ನಡಿಯಲ್ಲಿ ಟಿವಿಯಲ್ಲಿ ವಾರ್ತೆ ಓದುವ ಹೆಂಗಸೊಬ್ಬಳು ಮುದುಕಿಯ ವೇಷ ಹಾಕಿ ನಿಂತಿದ್ದಳು. ಅತ್ತೆ "ಸೊಸೆ" ಎಂದು ನೋಡಿದರು. ಸಿಳ್ಳೆ ಬರಲಿಲ್ಲ. ಬುಸ್ಸೆಂದು ಗಾಳಿ ಹೋಗಿ, ನಾಲಿಗೆ ತಡವರಿಸಿತು. ಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟು ಬಾಯಿ ಮುಚ್ಚಿದರು. ಮುಚ್ಚಿದ್ದು ತೆರೆಯಲಿಲ್ಲ.

ಮೊದಲ ದಿನ ಚಿಕ್ಕಮ್ಮನಿಗೆ ತಲೆಯ ಭಾರ ಇಳಿದ ಹಾಗಾಯಿತು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು! ಆದರೆ ದಿನ ಕಳೆದಂತೆ ಗಡಿಯಾರದ ಸದ್ದು ಮಾತ್ರವೇ ಕೇಳಿಸತೊಡಗಿತು. ಅತ್ತೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ನುಂಗಿ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ದರ್ಜಿಯಮ್ಮ ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಬೆಳಿಗ್ಗೆ ಚಿಕ್ಕಮ್ಮ "ಬ್ಯಾಕಪ್ ಯಶಸ್ವಿ" ಎಂದು ಓದಿ ಒಂದು ಗಳಿಗೆ ಕಾಯುತ್ತಿದ್ದಳು. ಯಾರು ನೋಡಿದ್ರು ಎಂದು ಕೇಳುವವರಿಲ್ಲ. ಕಾಫಿ ಸಪ್ಪೆ.

ಚಿಕ್ಕಪ್ಪ ಒಂದು ದಿನ ಮೆಲ್ಲಗೆ ಹೇಳಿದ. "ಅಮ್ಮ ತೆಳ್ಳಗಾಗ್ತಿದ್ದಾಳೆ ಕಣೆ. ಊಟ ಕಮ್ಮಿ ಆಗಿದ್ದಕ್ಕಲ್ಲ ಅನ್ಸುತ್ತೆ. ಬಯ್ಯೋದು ಕಮ್ಮಿ ಆಯ್ತಲ್ಲ, ಅದಕ್ಕೆ."

"ಚಿಂತೆ ಮಾಡ್ಬೇಡಿ. ಅವರ ಹಲ್ಲು ನನ್ನ ಹತ್ರ ಇದೆ," ಎಂದಳು ಚಿಕ್ಕಮ್ಮ. "ಫೈಲ್ ತೆಗೀತೀನಿ, ಮೇಸ್ತ್ರಿ ಹಾಗೇ ಕಡೀತಾನೆ. ಇಂಥ ದಿನಕ್ಕೇ ಅಲ್ವಾ ನಾನು ಜೀವ ತೇಯ್ದಿದ್ದು?"

ಎದೆ ಮುಂದೆ ಮಾಡಿಕೊಂಡು ಕಾರ್ಖಾನೆಗೆ ಹೋದಳು. ಸರ್ವರಿನಲ್ಲಿ ಅತ್ತೆಯ ಫೈಲ್ ಇರಲಿಲ್ಲ. ಆ ಫೈಲಿದ್ದ ವರ್ಷದ ಫೋಲ್ಡರೇ ಇರಲಿಲ್ಲ. ಹಿಂದಿನ ಕೆಲವು ವರ್ಷಗಳೂ ಜೊತೆಗೆ ಮಾಯ.

"ಮೇಸ್ತ್ರೀ, ಇಲ್ಲಿದ್ದ ಹಲ್ಲೆಲ್ಲ ಏನಾಯ್ತು?"

ಮೇಸ್ತ್ರಿ ಒಲೆಯ ಕಡೆ ನೋಡಿದ. ಒಲೆ ನೆರವಿಗೆ ಬರಲಿಲ್ಲ. "ಡಿಸ್ಕು ಭರ್ತಿ ಆಗಿ ಸ್ಕ್ಯಾನೇ ಇಳೀತಿರ್ಲಿಲ್ಲ ಮೇಡಂ. ಯಜಮಾನ್ರು ಹಳೇದೆಲ್ಲ ಅಳಿಸು ಅಂದ್ರು, ಅಳಿಸ್ದೆ."

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀವು ಪಾಠ ಶುರು ಮಾಡ್ತಿದ್ರಿ. ಎರಡು ಜನ ಗಿರಾಕಿ ಹೊರಗೆ ಕಾಯ್ತಿದ್ರು." ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ, "ಬ್ಯಾಕಪ್ ಇದೆಯಲ್ಲ ಮೇಡಂ! ನೀವೇ ದಿನಾ ಹೇಳ್ತೀರ. ಆ ಧೈರ್ಯದ ಮೇಲೇ ಅಳಿಸಿದ್ದು. ಈಗ ನೋಡಿ, ಮತ್ತೆ ಭರ್ತಿ ಆಗಿದೆ."

ಈ ಮಾತಿಗೆ ಚಿಕ್ಕಮ್ಮ ಸಿಟ್ಟಾಗಲಿಲ್ಲ. ಉಬ್ಬಿದಳು. ಎಷ್ಟೋ ವರ್ಷದಿಂದ ಕಾದ ಗಳಿಗೆ ಅಂತೂ ಬಂದಿತ್ತು. ಕುರ್ಚಿ ಎಳೆದುಕೊಂಡು, ಡಿಸ್ಕು ಮತ್ತೆ ಯಾಕೆ ಭರ್ತಿಯಾಯಿತೆಂದು ತಿಳಿಯಲು ಮೊದಲು ಜೋಡಿಕೊಂಡಿರುವ ಡಿಸ್ಕುಗಳ ಪಟ್ಟಿ ತೆಗೆದಳು. ಮೊದಲನೆಯದರ ಎರಡು ಪಾಲು ಕಂಡವು. ಎರಡನೆಯ ಡಿಸ್ಕು ಪಟ್ಟಿಯಲ್ಲಿ ಇಲ್ಲ.

ಯಂತ್ರಕ್ಕೆ ಹೊಸ ಉಗ್ರಾಣದಿಂದ ಹೊಸ ಬುದ್ಧಿ ಬಂದಾಗ ಅದು ಡಿಸ್ಕುಗಳನ್ನು ಹೊಸ ಹೆಸರಿನಿಂದ ಕರೆಯತೊಡಗಿತ್ತು. ಪ್ರತಿ ಡಿಸ್ಕಿಗೂ ಎಂದೂ ಬದಲಾಗದ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಬರೆಯಬೇಕಿತ್ತು. ಇವಳು ಉದ್ದವಾಯಿತೆಂದು ಕರೆಯುವ ಹೆಸರನ್ನಷ್ಟೇ ಬರೆದಿದ್ದಳು. ಸಾಲದ್ದಕ್ಕೆ, ಈ ಡಿಸ್ಕು ಸಿಗದಿದ್ದರೆ ಗಲಾಟೆ ಮಾಡದೆ ಸುಮ್ಮನೆ ಮುಂದೆ ಹೋಗು ಎಂದು ತಾನೇ ಒಂದು ಮಾತು ಸೇರಿಸಿದ್ದಳು. ಯಂತ್ರ ಹೇಳಿದ ಮಾತು ಕೇಳುವ ಜಾತಿಯದು. ಗಲಾಟೆ ಮಾಡದೆ ಸುಮ್ಮನೆ ಮುಂದೆ ಹೋಗಿತ್ತು.

ತೆರೆದ ಬಾಗಿಲು ಕಂಡರೆ ಮೊದಲು ಮುಚ್ಚಿ ಆಮೇಲೆ ಒಳಗೆ ಯಾರಿದ್ದಾರೆಂದು ಯೋಚಿಸುವ ಕೈ ಅವಳದು. ಆ ಕೈ ಒಂದು ಉಸಿರೂ ತಡೆಯಲಿಲ್ಲ. ಡಿಸ್ಕಿನ ಹೊಸ ಹೆಸರು ಹುಡುಕಿ, ಅದನ್ನು ಫೋಲ್ಡರಿಗೆ ಪಟ್ಟನೆ ಜೋಡಿಸಿತು. ಆಮೇಲೆ ಫೋಲ್ಡರ್ ತೆರೆದು ನೋಡಿದಳು. ಹಲ್ಲುಗಳಿದ್ದವು, ಉಗ್ರಾಣ ಬದಲಾದ ದಿನದವರೆಗೆ. ಅದರಾಚೆಗೆ ಒಂದೂ ಇಲ್ಲ. ಅತ್ತೆಯ ಸ್ಕ್ಯಾನ್ ಆ ದಿನದ ನಂತರದ್ದು.

"ಸಿಕ್ತಾ ಮೇಡಂ?" ಮೇಸ್ತ್ರಿ ಬಾಗಿಲಲ್ಲಿ ನಿಂತು ಕೇಳಿದ.

"ಹುಡುಕ್ತಿದೀನಿ," ಎಂದಳು.

ಹಾಗಾದರೆ ದಿನಾ ಬೆಳಿಗ್ಗೆ ಬರುತ್ತಿದ್ದ ಯಶಸ್ವಿ? ಯಂತ್ರ ಸುಳ್ಳು ಹೇಳಿದೆ, ಹಲ್ಲುಗಳೆಲ್ಲ ಗಾಳಿಗೆ ಹೋಗಿವೆ ಎಂದುಕೊಂಡಳು. ಡಿಸ್ಕಿನಲ್ಲಿ ಜಾಗವಾದರೂ ಮಾಡೋಣವೆಂದು ಲೆಕ್ಕ ತೆಗೆದರೆ ಅದೂ ತಲೆಕೆಟ್ಟಿತ್ತು. ಕಣ್ಣಿಗೆ ಕಾಣುವ ಫೋಲ್ಡರುಗಳನ್ನೆಲ್ಲ ಕೂಡಿಸಿದರೆ ಡಿಸ್ಕು ಅರ್ಧವೂ ತುಂಬಿಲ್ಲ. ಡಿಸ್ಕನ್ನೇ ಕೇಳಿದರೆ ಕಂಠಮಟ್ಟ ತುಂಬಿದೆ ಎನ್ನುತ್ತದೆ. ಮತ್ತೆ ಮತ್ತೆ ಕೂಡಿಸಿದಳು. ಉಳಿದದ್ದನ್ನು ಯಾವ ದೆವ್ವ ತಿಂದು ಕೂತಿದೆಯೋ ತಿಳಿಯಲಿಲ್ಲ. ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಹಲಗೆಯ ಮೇಲಿನ ದವಡೆಗಳಿಗೆ ಅವತ್ತು ನಗಲು ಕಾರಣ ಸಿಕ್ಕಿತ್ತು.

ಮನೆಗೆ ಬಂದಾಗ ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ನೋಡಿದರು. ಬಾಯಿ ತೆರೆಯದಿದ್ದರೂ ಕೇಳಿದ್ದು ಸ್ಪಷ್ಟವಾಗಿತ್ತು.

"ಸಿಗುತ್ತೆ ಅತ್ತೆ. ಸ್ವಲ್ಪ ಕೆಲಸ ಬಾಕಿ ಇದೆ," ಎಂದು ಒಳಗೆ ಹೋದ ಚಿಕ್ಕಮ್ಮ ಬಚ್ಚಲಿನ ಎರಡೂ ನಲ್ಲಿ ಬಿಟ್ಟುಕೊಂಡು ಅತ್ತಳು. ಆ ಹಲ್ಲು ಈಗ ಲೋಕದಲ್ಲಿ ಎಲ್ಲೂ ಇಲ್ಲ. ಕಿತ್ತದ್ದನ್ನು ಡಾಕ್ಟರು ಎಸೆದಿದ್ದರು, ಕಡೆದದ್ದನ್ನು ಇವಳು ಎಸೆದಿದ್ದಳು, ಬರೆದಿಟ್ಟದ್ದನ್ನು ಮೇಸ್ತ್ರಿ ಅಳಿಸಿದ್ದ. ಇವಳ ಮೇಲಿನ ಭರವಸೆಯಿಂದ.

ರಜೆಯ ದಿನ ಬೆಳಿಗ್ಗೆ ಅತ್ತೆ ಎದ್ದು ಬಂದು ನಡುಮನೆಯ ಬೀರುವಿನ ಮುಂದೆ ನಿಂತು ಅದನ್ನು ಕೈಯಿಂದ ಬಡಿದರು. ಅದು ಎರಡನೆಯ ಬೀರು. ಮೊದಲನೆಯದು ಚೆನ್ನಾಗಿದ್ದಾಗಲೇ ಚಿಕ್ಕಮ್ಮ ತಂದು ಗೋಡೆಗೆ ಒತ್ತಿ ನಿಲ್ಲಿಸಿದ್ದು.

"ಏನ್ ಬೇಕು ಅತ್ತೆ? ಸೀರೆನಾ?" ಬೀರು ತೆರೆದು ತೋರಿಸಿದಳು.

ಅತ್ತೆ ತಲೆ ಅಲ್ಲಾಡಿಸಿದರು. ಬೀರುವಿನ ಹಿಂದೆ ಬೆರಳು ತೋರಿಸಿದರು.

"ಅಲ್ಲಿ ಗೋಡೆ ಇದೆ ಅತ್ತೆ. ಏನೂ ಇಲ್ಲ."

ಅತ್ತೆ ಹಣೆ ಚಚ್ಚಿಕೊಂಡರು. ಚಿಕ್ಕಪ್ಪನ ಕಡೆ ತಿರುಗಿ ನೂಕು ಎಂದು ಸನ್ನೆ ಮಾಡಿದರು. ಚಿಕ್ಕಪ್ಪ ಹೊಟ್ಟೆಯ ಆಸರೆ ಕೊಟ್ಟು ಬೀರುವನ್ನು ಪಕ್ಕಕ್ಕೆ ನೂಕಿದ. ಹಿಂದೆ ಗೋಡೆಯಲ್ಲಿ ಒಂದು ಗೂಡು ಇತ್ತು. ಬೀರು ತಂದ ದಿನ ಒಳಗೇನಿದೆ ಎಂದು ನೋಡದೆ ಚಿಕ್ಕಮ್ಮ ಮುಚ್ಚಿಬಿಟ್ಟಿದ್ದಳು. ಗೂಡಿನ ತುಂಬ ಅತ್ತೆಯ ಸಾಮಾನು. ಗುಂಡಿಗಳ ಡಬ್ಬಿ, ಸವೆದ ಪೆನ್ಸಿಲು, ಮುರಿದ ಕನ್ನಡಕ, ಅದರಡಿಯಲ್ಲಿ ಚಿಕ್ಕಪ್ಪನ ಹಳೆಯ ಸೀಟಿ. ಅತ್ತೆ ಸೀಟಿಯನ್ನು ತೆಗೆದು ಸೆರಗಿನಲ್ಲಿ ಒರೆಸಿ, ತುಟಿಗಿಟ್ಟು ಊದಿದರು. ಓಣಿಯ ನಾಯಿಗಳು ಎದ್ದು ಕೂತವು.

"ಅಮ್ಮಾ, ಅದು ಮುಳುಗೋರು ಕಂಡಾಗ ಊದೋದು," ಎಂದ ಚಿಕ್ಕಪ್ಪ.

ಅತ್ತೆ ಬೆರಳಿನಿಂದ ತಮ್ಮನ್ನೇ ತೋರಿಸಿಕೊಂಡರು.

ಚಿಕ್ಕಪ್ಪ ನೆಲ ನೋಡಿದ. ಚಿಕ್ಕಮ್ಮ ಮಾತ್ರ ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡು ಗೂಡನ್ನೇ ನೋಡುತ್ತಿದ್ದಳು. ಬೀರು ಇದ್ದಾಗ ಬೀರುವಿನೊಳಗಿನದಷ್ಟೇ ಕಾಣುತ್ತದೆ. ಗೂಡಿನದು ಎಲ್ಲಿಗೂ ಹೋಗಿರುವುದಿಲ್ಲ, ಬೀರುವಿನ ಹಿಂದೆ ಹಾಗೇ ಕೂತಿರುತ್ತದೆ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆಗೆ ಹೊಡೆದುಕೊಂಡಳು. "ಗಾಳಿಗೆ ಹೋಗಿಲ್ಲ. ಗೂಡಿಗೆ ಹೋಗಿದೆ!"

"ಏನು ಹೋಗಿದೆ?" ಚಿಕ್ಕಪ್ಪನ ಪ್ರಶ್ನೆ ಖಾಲಿ ಬಾಗಿಲಿಗೆ ತಗುಲಿ ವಾಪಸು ಬಂತು. ಚಿಕ್ಕಮ್ಮ ಒಂದು ಕಾಲಿಗೆ ಒಂದು ಜೋಡಿಯ ಚಪ್ಪಲಿ, ಇನ್ನೊಂದು ಕಾಲಿಗೆ ಇನ್ನೊಂದು ಜೋಡಿಯದು ಹಾಕಿಕೊಂಡು ಮೆಟ್ಟಿಲಿಳಿದಿದ್ದಳು.

ಯಂತ್ರ ಸುಳ್ಳು ಹೇಳಿರಲಿಲ್ಲ. ಡಿಸ್ಕು ಜೋಡಿಕೊಳ್ಳದಿದ್ದರೂ ಫೋಲ್ಡರ್ ಇದ್ದೇ ಇತ್ತಲ್ಲ. ನಕಲುಗಳೆಲ್ಲ ದಿನಾ ನಿಷ್ಠೆಯಿಂದ ಅದೇ ಫೋಲ್ಡರಿಗೆ, ಅಂದರೆ ಮೊದಲನೆಯ ಡಿಸ್ಕಿನ ದೊಡ್ಡ ಪಾಲಿಗೇ ಬಂದು ಬೀಳುತ್ತಿದ್ದವು. ಬಲಗೈಯಲ್ಲಿದ್ದದ್ದನ್ನು ಎಡಗೈಗೆ ಹಾಕಿ, ಜೋಪಾನ ಮಾಡಿದೆ ಎಂದು ಬೀಗಿದ ಹಾಗೆ. ಡಿಸ್ಕು ಭರ್ತಿಯಾದದ್ದು ಅದರಿಂದಲೇ. ಮೊನ್ನೆ ಅವಳು ಗಾಬರಿಯಲ್ಲಿ ಎರಡನೆಯ ಡಿಸ್ಕನ್ನು ಅದರ ಮೇಲೆ ತಂದು ಜೋಡಿಸಿದ್ದೇ ತಡ, ಒಳಗಿದ್ದದ್ದೆಲ್ಲ ಬೀರುವಿನ ಹಿಂದಿನ ಗೂಡಾಯಿತು. ಜೋಡಿಸುವ ಮೊದಲು ಒಮ್ಮೆ ಕಣ್ಣು ಹಾಯಿಸಿದ್ದರೆ ಎದುರಿಗೇ ಇತ್ತು. ಜಾಗರೂಕರು ಮಾತ್ರ ಮಾಡಬಲ್ಲ ತಪ್ಪು ಅದು. ನಿಮ್ಮ ನಮ್ಮಂಥ ಅಡ್ಡಾದಿಡ್ಡಿ ಜನಕ್ಕೆ ಸಾಧ್ಯವಿಲ್ಲ.

ಎರಡನೆಯ ಡಿಸ್ಕನ್ನು ಬಿಡಿಸಿದಳು. ಫೋಲ್ಡರ್ ತೆರೆದಳು. ಅಷ್ಟೂ ವರ್ಷದ ಹಲ್ಲುಗಳು ಅಲ್ಲಿದ್ದವು. ಮೂಲದಲ್ಲಿ ಮೇಸ್ತ್ರಿ ಅಳಿಸಿದ್ದೂ ಇಲ್ಲಿ ಅಳಿದಿರಲಿಲ್ಲ. ಅತ್ತೆಯ ಫೈಲನ್ನು ಒತ್ತಿದಳು. ಪರದೆಯ ಮೇಲೆ ದವಡೆ ಮೆಲ್ಲಗೆ ತಿರುಗಿತು. ಸೊಟ್ಟ ಹಲ್ಲು ಪಕ್ಕದ್ದರ ಮೇಲೆ ಕಾಲು ಹಾಕಿ ಕೂತಿತ್ತು. ಚಿಕ್ಕಮ್ಮ ಅದಕ್ಕೆ ಅಲ್ಲೇ ಒಂದು ಬೈಗುಳ ಬೈದಳು.

ಸುದ್ದಿ ಕೇಳಿದ ಮಾಲೀಕ ಎಲ್ಲರನ್ನೂ ಒಟ್ಟು ಸೇರಿಸಿ ಚಪ್ಪಾಳೆ ತಟ್ಟಿಸಿದ. "ನೋಡ್ರಪ್ಪಾ, ಬ್ಯಾಕಪ್ ಅಂದ್ರೆ ಇದು! ನಾವು ಅಳಿಸಿದ್ರೂ ಮೇಡಂ ಉಳಿಸಿದ್ರು!"

ಚಿಕ್ಕಮ್ಮ ಅಂದು ಪಾಠ ಮಾಡಲಿಲ್ಲ. ಒಲೆ ನೋಡಲು ಹೊರಟಿದ್ದ ಮೇಸ್ತ್ರಿ ಅರ್ಧ ದಾರಿಯಿಂದ ತಿರುಗಿ ಬಂದು, "ಆರೋಗ್ಯ ಸರಿ ಇದೆಯಾ ಮೇಡಂ?" ಎಂದು ಕೇಳಿದ.

ಸೆಟ್ಟು ತಯಾರಾಗಿ ಮನೆಗೆ ಬಂತು. ಅತ್ತೆ ಕಿಟಕಿಯ ಕಡೆ ತಿರುಗಿ ಬಾಯಿಗೆ ಹಾಕಿಕೊಂಡರು. ದವಡೆ ಆಡಿಸಿದರು. ನಾಲಿಗೆಯಿಂದ ಸಂದಿಯನ್ನು ಹುಡುಕಿದರು. ಚಿಕ್ಕಮ್ಮನೂ ಚಿಕ್ಕಪ್ಪನೂ ಹತ್ತಿರಕ್ಕೆ ಬಂದು ನಿಂತರು. ಅತ್ತೆಯ ಕಣ್ಣು ಚಿಕ್ಕಮ್ಮನ ಕೈಯಲ್ಲಿದ್ದ ಇನ್ನೊಂದು ಪೆಟ್ಟಿಗೆಯ ಮೇಲೆ ಬಿತ್ತು.

"ಅದೇನು?"

"ಇನ್ನೊಂದು ಸೆಟ್ಟು ಅತ್ತೆ."

"ಸೊಸೆ," ಎಂದರು ಅತ್ತೆ. ಎರಡು ಸಿಳ್ಳೆ, ಒಂದಕ್ಕಿಂತ ಒಂದು ಚೊಕ್ಕ. "ನನಗಿರೋದು ಒಂದೇ ಬಾಯಿ ಅಂತ ಎಷ್ಟು ಸಲ ಸಾರಿ ಸಾರಿ ಹೇಳ್ಲಿ?" ಆಮೇಲೆ, ಬಾಕಿ ಉಳಿದಿದ್ದ ದಿನಗಳದನ್ನೆಲ್ಲ ಸೇರಿಸಿ, ಸಂಜೆಯವರೆಗೆ ಬಿಡದೆ ಬೈದರು. ಚಿಕ್ಕಪ್ಪ ಕುರ್ಚಿ ಹಾಕಿಕೊಂಡು ಕೇಳುತ್ತ ಕೂತ. ಎರಡನೆಯ ಸೆಟ್ಟು ಗೂಡಿಗೆ ಹೋಯಿತು, ಸೀಟಿಯ ಪಕ್ಕಕ್ಕೆ. ಬೀರು ಮತ್ತೆ ಅದರ ಮುಂದೆ ಬರಲಿಲ್ಲ.

ಚಿಕ್ಕಮ್ಮ ಡಿಸ್ಕಿನ ಉದ್ದನೆಯ ಗುರುತಿನ ಸಂಖ್ಯೆಯನ್ನು ಬರೆದಳು. ಡಿಸ್ಕು ಜೋಡಿಕೊಂಡಿರದಿದ್ದರೆ ನಕಲು ನಿಲ್ಲಲಿ, ಗಲಾಟೆ ಆಗಲಿ, ಊರಿಗೆಲ್ಲ ಕೇಳಲಿ ಎಂದು ಯಂತ್ರಕ್ಕೆ ಹೇಳಿದಳು. ಗೂಡಿಗೆ ಬಿದ್ದದ್ದನ್ನೆಲ್ಲ ಅದರದರ ಜಾಗಕ್ಕೆ ಸಾಗಿಸಿದಳು. ಬೆಳಗಿನ ಸಂದೇಶವನ್ನು ಗಟ್ಟಿಯಾಗಿ ಓದುವುದು ನಿಂತಿತು. ಬದಲಿಗೆ ಆಗಾಗ ಎರಡನೆಯ ಡಿಸ್ಕಿನಿಂದ ಒಂದು ಫೈಲು ವಾಪಸು ತೆಗೆದು, ಅದರಿಂದ ದವಡೆ ಮಾಡಿಸಿ, ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಯಾವ ಫೈಲು ಎಂದು ಕೇಳಬೇಕೇ? ಕಾರ್ಖಾನೆಯ ಒಂದು ಇಡೀ ಹಲಗೆ ಅತ್ತೆಯ ದವಡೆಗಳಿಂದ ತುಂಬಿತು. "ಮೇಡಂ, ಬೇರೆ ಯಾರದಾದ್ರೂ ತೆಗೀರಿ," ಎಂದು ಮೇಸ್ತ್ರಿ ಗೋಗರೆದ. "ಬೆನ್ನು ತಿರುಗಿಸಿದ್ರೆ ನಿಮ್ಮತ್ತೆ ಬೈತಿದ್ದಾರೆ ಅನ್ಸುತ್ತೆ."

ಕೊನೆಗೆ ಆ ಮನೆ ಬಿಟ್ಟದ್ದು ಅತ್ತೆಯ ಮಂಡಿಗಳ ದೆಸೆಯಿಂದ. ಹಲ್ಲಿಗಿದ್ದ ಹಾಗೆ ಅವಕ್ಕೆ ನಕಲು ಇರಲಿಲ್ಲ, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬೇರೆ ಬೀದಿಯಲ್ಲಿ ನೆಲಮಾಳಿಗೆಯೂ ಮಹಡಿಯೂ ಇಲ್ಲದ ಒಂದು ಮನೆ ನೋಡಿದರು. ಸಾಮಾನೆಲ್ಲ ಎರಡೆರಡಾದ್ದರಿಂದ ವ್ಯಾನೂ ಎರಡು ಸಲ ಬರಬೇಕಾಯಿತು. ಕೊನೆಯ ಸಲ ಅತ್ತೆ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತರು. ಚಿಕ್ಕಪ್ಪ ಹಿಂದೆ ಬೀರುಗಳ ನಡುವೆ ಸಿಕ್ಕಿಕೊಂಡ. ದರ್ಜಿಯಮ್ಮ ಅಪರೂಪಕ್ಕೆ ಮನೆಯಲ್ಲಿದ್ದಳು. ಎರಡನೆಯ ಕೀಲಿಕೈ ಹಿಡಿದುಕೊಂಡು ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡಳು.

ಚಿಕ್ಕಮ್ಮ ಬೀಗ ಹಾಕಿ ಇಳಿದು ಬಂದಳು. ಈ ಸಲ ಜಗ್ಗಿ ನೋಡಲು ಮತ್ತೆ ಹತ್ತಲಿಲ್ಲ. ಒಳಗೆ ಕದಿಯಲು ಏನಿದೆ? ವ್ಯಾನಿನ ಬಾಗಿಲಿಗೆ ಕೈ ಹಾಕಿದಳು.

"ಎಲ್ಲಾ ತಗೊಂಡ್ಯೇನೇ?" ಅತ್ತೆ ಕೇಳಿದರು.

"ತಗೊಂಡೆ ಅತ್ತೆ. ಮನೆ ಖಾಲಿ."

"ಖಾಲಿಯಂತೆ," ಎಂದು ಅತ್ತೆ ಡ್ರೈವರನಿಗೆ ಹೇಳಿದರು. "ಯಾರು ನೋಡಿದ್ರು?"

ಚಿಕ್ಕಮ್ಮ ಅವರ ಮುಖವನ್ನು ನೋಡಿದಳು. ತಿರುಗಿ ಮೆಟ್ಟಿಲು ಹತ್ತಿದಳು. ಬೀಗವನ್ನು ಜಗ್ಗಲಿಲ್ಲ, ತೆರೆದಳು. ಖಾಲಿ ನಡುಮನೆಯಲ್ಲಿ ಅವಳ ಹೆಜ್ಜೆಯ ಸದ್ದು ಎರಡೆರಡಾಗಿ ಕೇಳಿಸಿತು. ಗೂಡಿನೊಳಗೆ ಮೊಳಕೈವರೆಗೆ ಕೈ ಹಾಕಿ, ಮೂಲೆ ಮೂಲೆ ತಡವಿದಳು. ಆಳದ ಮೂಲೆಯಲ್ಲಿ ಎರಡನೆಯ ಸೆಟ್ಟಿನ ಪೆಟ್ಟಿಗೆ ಸಿಕ್ಕಿತು, ಅದರ ಹಿಂದೆ ಸೀಟಿ. ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಮತ್ತೊಮ್ಮೆ ಕೈ ಹಾಕಿ ಗೂಡು ಖಾಲಿಯಾದದ್ದನ್ನು ನೋಡಿಕೊಂಡು, ಹೊರಗೆ ಬಂದು ಬಾಗಿಲೆಳೆದಳು.

ಹೀಗೆ ಜೋಡಿ ಚಿಕ್ಕಮ್ಮ ಆ ಮನೆಯನ್ನು ಕಡೆಯ ಸಲ ಬಿಟ್ಟು ಹೊರಟದ್ದು. ಬೇರೆಯವರೆಲ್ಲ ಕಡೆಯ ಸಲ ಒಂದೇ ಸಲ ಹೊರಡುತ್ತಾರೆ. ಅವಳು ಅದನ್ನೂ ಎರಡು ಸಲ ಹೊರಟಳು. ಸರಿಯಾದದ್ದು ಎರಡನೆಯದು.